ಬಿಳಿ ಉಗುರಿನ ಪಿಕಳಾರ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಕನ್ನಡಿ ಮಾವ ಏಣಿಯ ಮೇಲೆ ನಿಂತು, ಹಲ್ಲಿನ ಆಸ್ಪತ್ರೆಯ ಮುಂಭಾಗದ ಗಾಜಿನ ಮೇಲಿದ್ದ ಒಂದು ಕಲೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸುತ್ತಿದ್ದರು. ಅಂಗೈ ಅಗಲದ ಮಸುಕು ಕಲೆ. ಅದರ ನಡುವೆ ಒಂದು ಎಳೆ ತುಪ್ಪುಳ ಅಂಟಿಕೊಂಡಿತ್ತು. ಇಂಥ ಕಲೆ ಒರೆಸಲು ಅವರು ಬಂದದ್ದು ಇದು ಮೊದಲ ಸಲವಲ್ಲ. ಗಾಜು ಕೂರಿಸಿದ ಮೇಲೆ ಹಲ್ಲಿನ ಡಾಕ್ಟರು ಆಗಾಗ ಫೋನ್ ಮಾಡಿ, "ನಿಮ್ಮ ಗಾಜಿಗೆ ಕಲೆ ಬೀಳ್ತಿದೆ" ಎಂದು ದೂರುತ್ತಿದ್ದರು. ಮಾವ ಪ್ರತಿ ಸಲವೂ ಬಂದು ಒರೆಸಿ, ದೂಳು ಎಂದು ಹೇಳಿ ಹೋಗುತ್ತಿದ್ದರು.

ಕೆಳಗೆ ಏಣಿ ಹಿಡಿದು ನಿಂತಿದ್ದ ಆಸ್ಪತ್ರೆಯ ಕಾವಲುಗಾರ ಆಕಳಿಸುತ್ತ ಹೇಳಿದ: "ಅದು ದೂಳಲ್ಲ ಮಾವ. ಹಕ್ಕಿ ಬಡಿದ ಗುರುತು."

"ಯಾವ ಹಕ್ಕಿ?"

"ನಿಮ್ಮ ಕಾಲಡಿ ನೋಡಿ."

ಗೋಡೆಯ ಬುಡದಲ್ಲಿ ಒಂದು ಪಿಕಳಾರ ಬಿದ್ದಿತ್ತು. ಕತ್ತು ಒಂದು ಕಡೆಗೆ ವಾಲಿತ್ತು. ತಲೆಯ ಮೇಲಿನ ಕಪ್ಪು ಜುಟ್ಟು ಮಾತ್ರ ಇನ್ನೂ ನೆಟ್ಟಗಿತ್ತು. ಬಾಯಲ್ಲಿ ಅರ್ಧ ಹಸಿರು ಹುಳು.

"ನಿನ್ನೆ ಇದರ ಜೋಡಿ ಬಿದ್ದಿತ್ತು, ಕಸದ ಡಬ್ಬಿಗೆ ಹಾಕ್ದೆ," ಎಂದ ಕಾವಲುಗಾರ. "ವಾರಕ್ಕೆ ಎರಡಾದ್ರೂ ಬಿದ್ದೇ ಬೀಳ್ತವೆ. ಮೊದಲು ಹೀಗಿರ್ಲಿಲ್ಲ. ನಿಮ್ಮ ಗಾಜು ಬಂದ ಮೇಲೆ."

ಅವನು ಅದನ್ನು ಕುಟುಕಲೆಂದು ಹೇಳಿದ್ದಲ್ಲ. ಬೆಳಗಾಯಿತು ಎನ್ನುವ ಹಾಗೆ ಹೇಳಿದ್ದ. ಮಾವ ಏಣಿಯಿಂದ ಇಳಿದರು. ಸತ್ತ ಹಕ್ಕಿಯ ಬಾಯಲ್ಲಿದ್ದ ಹುಳುವನ್ನೇ ನೋಡುತ್ತ ನಿಂತರು. ತಾನೇ ತಿನ್ನುವುದಾಗಿದ್ದರೆ ಆಗಲೇ ನುಂಗಿರುತ್ತಿತ್ತು. ಇದು ಯಾರಿಗೋ ಒಯ್ಯುತ್ತಿದ್ದ ತುತ್ತು. ಗೇಟಿನ ಬಳಿಯ ದೊಡ್ಡ ಕುಂಡದ ಗಿಡವನ್ನು ಅವರು ಕೊಂಬೆ ಕೊಂಬೆಯಾಗಿ ಬಿಡಿಸಿ ನೋಡಿದಾಗ ಟೀ ಬಟ್ಟಲಿನಷ್ಟು ಅಗಲದ ಗೂಡು ಸಿಕ್ಕಿತು. ಒಳಗೆ ಎರಡು ಮರಿ. ಒಂದು ತಣ್ಣಗಾಗಿತ್ತು. ಇನ್ನೊಂದು, ಕೊಂಬೆ ಅಲುಗಿದ್ದೇ ತಡ, ತಲೆಗಿಂತ ದೊಡ್ಡದಾಗಿ ಬಾಯಿ ತೆರೆಯಿತು. ಅದರ ಬಲಗಾಲಿನ ಹಿಂಬೆರಳಿನ ಉಗುರು ಉಳಿದವುಗಳ ಹಾಗೆ ಕಪ್ಪಗಿರಲಿಲ್ಲ, ಸುಣ್ಣದಂತೆ ಬೆಳ್ಳಗಿತ್ತು.

ಮಾವ ಸಲಕರಣೆ ಚೀಲದಿಂದ ಹತ್ತಿಯ ಉಂಡೆ ತೆಗೆದು, ಊಟದ ಡಬ್ಬಿಯ ತಳಕ್ಕೆ ಹಾಸಿ, ಮರಿಯನ್ನು ಅದರಲ್ಲಿಟ್ಟುಕೊಂಡು ಮನೆಗೆ ಹೊರಟರು. ಕಲೆಯ ಅರ್ಧ ಗಾಜಿನ ಮೇಲೆಯೇ ಉಳಿಯಿತು.

ಅವರ ಅಂಗಡಿ ಇರುವ ಬೀದಿಯಲ್ಲಿ ಎಂಬತ್ತರ ಅಜ್ಜನಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲರಿಗೂ ಅವರು ಕನ್ನಡಿ ಮಾವ. ಫೋಟೋಗಳಿಗೆ ಚೌಕಟ್ಟು ಹಾಕುವುದರಿಂದ ಶುರುಮಾಡಿ, ಕಿಟಕಿ, ಕಪಾಟು, ಮೀನಿನ ತೊಟ್ಟಿ ಎಂದು ಬೆಳೆದು, ಐವತ್ತೆಂಟನೆಯ ವಯಸ್ಸಿಗೆ ಮೂರಂತಸ್ತಿನ ಕಟ್ಟಡದ ಮುಖಕ್ಕೇ ಗಾಜು ಹಾಕುವವರೆಗೆ ಬಂದಿದ್ದರು. ಅವರ ಕೆಲಸದ ಸೂತ್ರ ಒಂದೇ: ಒಳ್ಳೆ ಗಾಜು ಕಣ್ಣಿಗೆ ಕಾಣಬಾರದು. ಅವರು ಕೂರಿಸಿದ ಬಾಗಿಲಿಗೆ ಒಬ್ಬ ವಕೀಲರು ಮೂಗು ಜಜ್ಜಿಕೊಂಡ ಕಥೆಯನ್ನು ಮದುವೆ ಮನೆಯಲ್ಲೂ ಹೇಳುತ್ತಿದ್ದರು, ಸಾವಿನ ಮನೆಯಲ್ಲೂ ಹೇಳುತ್ತಿದ್ದರು. "ಗಾಜು ಇಲ್ವೇ ಇಲ್ಲ ಅಂದ್ಕೊಂಡ್ರು ಕಣ್ರೀ! ಹಂಗಿತ್ತು ನನ್ನ ಕೆಲಸ!"

ಹಲ್ಲಿನ ಡಾಕ್ಟರಿಗೆ ಮೊದಲು ಬೇಕಾಗಿದ್ದದ್ದು ಸಾದಾ ಗೋಡೆ, ಬಿಳಿ ಬಣ್ಣ. ರಸ್ತೆಯಾಚೆಯ ಉದ್ಯಾನವನ್ನು ತೋರಿಸಿ ಅವರ ಮನಸ್ಸು ತಿರುಗಿಸಿದವರು ಮಾವನೇ. "ಕನ್ನಡಿ ಗಾಜು ಹಾಕ್ಸಿ ಡಾಕ್ಟ್ರೇ. ಎದುರಿನ ಮರಗಳೆಲ್ಲ ನಿಮ್ಮ ಗೋಡೇಲೇ ಬೆಳೆದ ಹಾಗೆ ಕಾಣುತ್ತೆ. ಹಲ್ಲು ಕೀಳಿಸ್ಕೊಳ್ಳೋಕೆ ಬರೋರಿಗೂ ಒಂದು ಕ್ಷಣ ನೋವು ಮರೆತು ಹೋಗ್ಬೇಕು." ಹಾಗೆಯೇ ಆಯಿತು. ಮರಗಳು ಗೋಡೆಯಲ್ಲೇ ಬೆಳೆದ ಹಾಗೆ ಕಂಡವು. ಮನುಷ್ಯರಿಗೂ, ಹಕ್ಕಿಗಳಿಗೂ.

ಮನೆ ಇದ್ದದ್ದು ಅಂಗಡಿಯ ಹಿಂದೆಯೇ. ಹೆಂಡತಿ, ಅಂದರೆ ಬೀದಿಯವರ ಕನ್ನಡಿ ಅತ್ತೆ, ಡಬ್ಬಿಯ ಮುಚ್ಚಳ ತೆಗೆದು ಹೌಹಾರಿದರು.

"ರೀ, ಇದೇನ್ರೀ ಊಟದ ಡಬ್ಬೀಲಿ?"

"ಪಿಕಳಾರದ ಮರಿ. ಗಾಳಿಗೆ ಗೂಡು ಬಿದ್ದಿತ್ತು."

"ತಾಯಿ?"

"ಕಾಣಲಿಲ್ಲ," ಎಂದರು ಮಾವ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿಗೆ ಸಣ್ಣಪುಟ್ಟ ಸುಳ್ಳು ಹೇಳಿರಲಿಲ್ಲವೆಂದಲ್ಲ. ಆದರೆ ಇದನ್ನು ಹೇಳುವಾಗ ಅವರು ಕೈ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದರು.

ಅತ್ತೆ ಗಾಳಿಯನ್ನು ಮನಸಾರೆ ಬೈದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತರು.

ಹತ್ತಿರದ ಪಶುವೈದ್ಯೆ ಮರಿಯನ್ನು ನೋಡಿ ಖಂಡತುಂಡವಾಗಿ ಹೇಳಿದ್ದಿಷ್ಟು: ಹಾಲು, ಬ್ರೆಡ್ಡು ಕೂಡದು. ಬಾಯಿಗೆ ನೀರು ಹನಿಸಲೇಕೂಡದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬೇಯಿಸಿದ ಮೊಟ್ಟೆ, ನೆನೆಸಿದ ಬೆಕ್ಕಿನ ಆಹಾರ, ಹಿಸುಕಿದ ಪಪ್ಪಾಯಿ, ಸಿಕ್ಕರೆ ಹುಳು. ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಅರ್ಧ ಗಂಟೆಗೊಮ್ಮೆ ತುತ್ತು. "ಇದು ಕಾಡುಹಕ್ಕಿ, ಸಾಕುವ ಹಾಗಿಲ್ಲ. ಹಾರೋದು ಕಲಿತ ಮೇಲೆ ಬಿಟ್ಟುಬಿಡ್ಬೇಕು. ಅಭ್ಯಾಸ ಆಗ್ಬಾರ್ದು. ಅದಕ್ಕೂ, ನಿಮಗೂ."

ಮಾವ ಚೌಕಟ್ಟಿಗೆ ಅಂಟು ತುಂಬುವ ಬಿದಿರು ಕಡ್ಡಿಯೊಂದರ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ, ತಮ್ಮ ಕಣ್ಣುರೆಪ್ಪೆಗೆ ತಾಗಿಸಿ ನೋಡಿ, ಚುಚ್ಚುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಅದರಲ್ಲೇ ಉಣಿಸತೊಡಗಿದರು. ಉಂಡ ಮರುಕ್ಷಣ ಮರಿ ಹಿಂದಕ್ಕೆ ತಿರುಗಿ, ಬಿಳಿ ಪೊರೆಯಲ್ಲಿ ಸುತ್ತಿದ ಹಿಕ್ಕೆಯನ್ನು ಹೊರಹಾಕುತ್ತಿತ್ತು. ಗೂಡು ಕೊಳಕಾಗದಂತೆ ತಾಯಿಹಕ್ಕಿ ಅದನ್ನು ಕೊಕ್ಕಿನಲ್ಲಿ ಎತ್ತಿ ಎಸೆಯಲಿ ಎಂಬ ಏರ್ಪಾಡು.

"ನೋಡ್ರೀ, ಪೊಟ್ಟಣ ಕಟ್ಟಿ ಕೊಡುತ್ತೆ," ಎಂದರು ಅತ್ತೆ. "ನಿಮ್ಮ ಮಗಳು ಚಿಕ್ಕವಳಿದ್ದಾಗ ಮೂರು ವರ್ಷ ತುಂಬಿದ್ರೂ ಇಷ್ಟು ಶಿಸ್ತು ಕಲಿತಿರ್ಲಿಲ್ಲ."

ಒಂದು ವಾರದಲ್ಲಿ ಗರಿ ಬಿಚ್ಚಿಕೊಂಡಿತು. ತಲೆಯ ಮೇಲೆ ಕೂದಲೆಳೆಯಷ್ಟು ಜುಟ್ಟು ಎದ್ದಿತು. ಅತ್ತೆ ಅದನ್ನು ಜುಟ್ಟು ಎಂದೇ ಕರೆದರು. ಕಾಗದದ ಪೆಟ್ಟಿಗೆಯಿಂದ ಜಾಲರಿ ಪೆಟ್ಟಿಗೆಗೆ ಬದಲಾದ ಮೇಲೆ ಅದಕ್ಕೊಂದು ಹೊಸ ರೋಗ ಹಿಡಿಯಿತು. ಹೊಟ್ಟೆ ತುಂಬಿದ್ದರೂ, ಎದುರಿಗೆ ಯಾರೂ ಇಲ್ಲದಿದ್ದರೆ ಕೀಚ್ ಕೀಚ್ ಎಂದು ಅರಚುತ್ತಿತ್ತು. ಮಾವ ಗಾಜು ಕೊಯ್ಯುವಾಗ ಆ ಸದ್ದು ಬೆನ್ನಿಗೆ ಚುಚ್ಚುತ್ತಿತ್ತು. ಆ ಕೂಗು ಯಾರಿಗಾಗಿ ಎಂದು ಅವರಿಗೆ ಗೊತ್ತಿತ್ತು. ಬರಬೇಕಾದವು ಯಾಕೆ ಬರುತ್ತಿಲ್ಲ ಎಂಬುದೂ ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಆಗ ಅವರು, ಆ ಕಸುಬಿನವರಿಗೆ ಮಾತ್ರ ಹೊಳೆಯಬಹುದಾದ ಒಂದು ಉಪಾಯ ಮಾಡಿದರು. ಅಂಗೈಯಷ್ಟು ಕನ್ನಡಿ ಕೊಯ್ದು, ಅಂಚು ಉಜ್ಜಿ ಉಜ್ಜಿ ನುಣುಪಾಗಿಸಿ, ಪೆಟ್ಟಿಗೆಯೊಳಗೆ ಕೋಲಿನ ಪಕ್ಕ ಕೂರಿಸಿದರು. ಜುಟ್ಟು ಕತ್ತು ಓರೆ ಮಾಡಿ ನೋಡಿತು. ಸರಿದು ಹತ್ತಿರ ಹೋಯಿತು. ಕೆನ್ನೆಯನ್ನು ಕನ್ನಡಿಗೆ ಆನಿಸಿ, ಮೈ ಉಬ್ಬಿಸಿ, ಕಣ್ಣು ಮುಚ್ಚಿತು. ಅರಚಾಟ ಅಲ್ಲಿಗೇ ನಿಂತಿತು.

"ನನ್ನ ಕೆಲಸದಲ್ಲೇ ಇದು ದೊಡ್ಡ ಕೆಲಸ ಕಣೇ," ಎಂದರು ಮಾವ. ಎಷ್ಟೋ ದಿನದ ಮೇಲೆ ಅವರ ದನಿ ಹಗುರಾಗಿತ್ತು.

"ನಂಗೇನೋ ಸರಿ ಕಾಣಲ್ಲ," ಎಂದರು ಅತ್ತೆ. "ಇಲ್ಲದವರನ್ನ ಇದ್ದಾರೆ ಅಂತ ತೋರಿಸೋದು."

"ಸುಮ್ನಿರು. ಮಲಗಿದೆ ಪಾಪ."

ಹಾರಲು ಬರುವ ಹೊತ್ತಿಗೆ ಜುಟ್ಟು ಕನ್ನಡಿಯೊಂದಿಗೆ ಮಾತಾಡುತ್ತಿತ್ತು. ಮೊದಲು ಸಣ್ಣ ಚಿಲಿಪಿಲಿ ಸದ್ದು, ಆಮೇಲೆ ಎರಡು ಮೂರು ಸ್ವರದ ಒಂದು ಎಳೆಹಾಡು. ಪಪ್ಪಾಯಿ ತುಂಡನ್ನು ಮೊದಲು ಕನ್ನಡಿಗೆ ತಾಗಿಸಿ ಆಮೇಲೆ ತಾನು ತಿನ್ನುತ್ತಿತ್ತು. ಗಿರಾಕಿಗಳು ಅದನ್ನು ನೋಡಲೆಂದೇ ನಿಲ್ಲುತ್ತಿದ್ದರು.

ಬಿಡುವ ಮುನ್ನ ರೆಕ್ಕೆ ಒಮ್ಮೆ ಪರೀಕ್ಷೆ ಮಾಡಿಸೋಣವೆಂದು ಮಾವ ಪೆಟ್ಟಿಗೆ ಸಮೇತ ಪಶುವೈದ್ಯೆಯ ಬಳಿ ಹೋದರು. ಆಕೆ ರೆಕ್ಕೆ ನೋಡಲೇ ಇಲ್ಲ. ಮೊದಲು ನೋಡಿದ್ದು ಕನ್ನಡಿ.

"ಇದನ್ನ ಯಾರು ಇಟ್ಟಿದ್ದು?"

"ನಾನೇ ಡಾಕ್ಟರಮ್ಮ. ಒಂಟಿ ಅಂತ ಅಳ್ತಿತ್ತು."

ಪಶುವೈದ್ಯೆ ಕುರ್ಚಿ ಎಳೆದುಕೊಂಡು ಅವರೆದುರು ಕುಳಿತರು. "ನೋಡಿ, ಇದಕ್ಕೆ ಕನ್ನಡಿ ಅಂದ್ರೆ ಇನ್ನೊಂದು ಹಕ್ಕಿ. ಕುಕ್ಕದ, ಹೆದರಿಸದ, ಬೆಕ್ಕು ಬಂತು ಅಂತ ಕೂಗಿ ಹೇಳದ ಹಕ್ಕಿ. ಅದನ್ನೇ ನೆಚ್ಚಿಕೊಂಡಿದೆ. ಹೊರಗೆ ಹೋದ ಮೇಲೂ ಗಾಜು ಕಂಡ ಕಡೆಗೆ ಹೋಗುತ್ತೆ. ಮುಂಚೇನೇ ಹಕ್ಕಿಗಳಿಗೆ ಗಾಜು ಅಂದ್ರೆ ಯಮ. ಇದಂತೂ ಪ್ರೀತಿಯಿಂದಲೇ ಹೋಗುತ್ತೆ." ಒಂದು ಕ್ಷಣ ಬಿಟ್ಟು ಕೇಳಿದರು: "ಇದು ಸಿಕ್ಕಿದ ಜಾಗದಲ್ಲಿ ದೊಡ್ಡ ಗಾಜು ಏನಾದ್ರೂ ಇದೆಯಾ?"

"ಇಲ್ಲ," ಎಂದರು ಮಾವ.

ಮನೆಗೆ ಬರುವ ದಾರಿಯುದ್ದಕ್ಕೂ ಅವರು ಅದನ್ನೇ ಯೋಚಿಸಿದರು. ಜುಟ್ಟಿನ ತಂದೆ ತಾಯಿಯನ್ನು ಕೊಂದದ್ದು ತಿಳಿಯದೆ ಮಾಡಿದ ಕೆಲಸ. ಮರಿಗೆ ಅದೇ ದಾರಿಯನ್ನು ಪಾಠ ಹೇಳಿಕೊಟ್ಟದ್ದು ಪ್ರೀತಿಯಿಂದ, ಅಂಚು ನುಣುಪು ಮಾಡಿ, ತಮ್ಮ ಕೈಯಾರೆ.

ಅಂದೇ ಕನ್ನಡಿ ತೆಗೆದರು. ಅಷ್ಟು ಸಾಲಲಿಲ್ಲ. ಅಂಗಡಿಯ ತುಂಬ ಕನ್ನಡಿಗಳೇ. ಎಲ್ಲವನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು, ತಿರುಗಿಸಲಾಗದವಕ್ಕೆ ಹಳೆ ಪತ್ರಿಕೆ ಅಂಟಿಸಿದರು.

"ಏನ್ ಮಾವ, ಕನ್ನಡಿ ಅಂಗಡೀಲಿ ಮುಖ ನೋಡ್ಕೊಳ್ಳೋಣ ಅಂದ್ರೆ ಪೇಪರ್ ಓದ್ಬೇಕಾಯ್ತಲ್ಲ!" ಎಂದ ಪಕ್ಕದ ಕ್ಷೌರದವನು. ಅವನು ತಮಾಷೆಯ ಮನುಷ್ಯ. ಮಾವ ನಗಲಿಲ್ಲ.

ಜುಟ್ಟು ಮೊದಲ ದಿನ ಕನ್ನಡಿ ಇದ್ದ ಮೂಲೆಗೆ ಹೋಗಿ ಬರೀ ಜಾಲರಿಗೆ ಕೆನ್ನೆ ಆನಿಸಿ ಕುಳಿತಿತು. ಎರಡನೆಯ ದಿನ ಹಾಡು ನಿಲ್ಲಿಸಿತು. ಮೂರನೆಯ ದಿನ ಪಪ್ಪಾಯಿ ಮುಟ್ಟಲಿಲ್ಲ. ಮಾವನಿಗೂ ಅನ್ನ ಸೇರಲಿಲ್ಲ. ಅತ್ತೆ ಇಬ್ಬರ ತಟ್ಟೆಯನ್ನೂ ನೋಡಿ, "ಒಂದು ಮನೇಲಿ ಎರಡು ಬಾಣಂತನ ಮಾಡೋಕೆ ನನ್ನ ಕೈಲಾಗಲ್ಲ. ನಿಮ್ಮ ಅಕ್ಕನ ಹತ್ರ ತಗೊಂಡು ಹೋಗಿ. ಅಲ್ಲಿ ನಿಜವಾದ ಹಕ್ಕಿಗಳಾದ್ರೂ ಇವೆ," ಎಂದರು.

ಮಾವನ ಅಕ್ಕ ಊರ ಅಂಚಿನಲ್ಲಿ ಹೂಗಿಡ, ಹಣ್ಣಿನ ಸಸಿ ಬೆಳೆಸಿ ಮಾರುವವಳು. ಅಲ್ಲಿ ಗಾಜು ಎನ್ನುವುದೇ ಇರಲಿಲ್ಲ. ಕಿಟಕಿಗೂ ಜಾಲರಿಯೇ. ತಮ್ಮ ಗಾಜಿನ ಕಸುಬಿನವನಾಗಿಯೂ ಒಂದು ಗಾಜು ಹಾಕಿಕೊಡಲಿಲ್ಲವೆಂದು ಅವಳು ಇಪ್ಪತ್ತು ವರ್ಷದಿಂದ ಆಡಿಕೊಳ್ಳುತ್ತಿದ್ದಳು.

"ಈಗ ಅದೇ ಒಳ್ಳೇದಾಯ್ತು ನೋಡಕ್ಕ," ಎಂದರು ಮಾವ.

"ಆಹಾ! ಸೋಮಾರಿತನಕ್ಕೂ ಒಂದು ಪುಣ್ಯಫಲ ಇರುತ್ತೆ ಅಂತ ಇವತ್ತು ಗೊತ್ತಾಯ್ತು ಕಣೋ."

ಪೆಟ್ಟಿಗೆಯನ್ನು ಸೀಬೆ ಗಿಡದ ಕೆಳಗೆ ತೂಗುಹಾಕಿದರು. ಅಲ್ಲಿಗೆ ದಿನವೂ ಏಳೆಂಟು ಪಿಕಳಾರಗಳು ಬರುತ್ತಿದ್ದವು. ಮೊದಲು ಜುಟ್ಟು ಅವುಗಳ ಗಲಾಟೆಗೆ ಬೆದರಿ ಮೂಲೆ ಸೇರಿತು. ಒಂದು ಗಂಡು ಜಾಲರಿಯ ಮೇಲೆ ಕೂತು ತಲೆಗೊಂದು ಕುಕ್ಕಿತು. ಅಕ್ಕ ಫೋನಿನಲ್ಲಿ ವರದಿ ಕೊಟ್ಟಳು: "ಇವತ್ತು ಏಟು ತಿಂತು ನಿನ್ನ ಮಗರಾಯ." ಮರುವಾರ: "ಇವತ್ತು ತಿರುಗಿ ಕೊಡ್ತು!" ಅದರ ಮರುದಿನ ಪಪ್ಪಾಯಿ ತಿಂದಿತು. ಒಂದು ಮುಂಜಾನೆ ಸೀಬೆ ಗಿಡದಿಂದ ಬಂದ ಕೂಗಿಗೆ ಪೆಟ್ಟಿಗೆಯೊಳಗಿನಿಂದ ಉತ್ತರ ಹೋಯಿತು. ಆ ಭಾನುವಾರ ಮಾವ ಬಂದು ಬಾಗಿಲು ತೆರೆದರು.

ಜುಟ್ಟು ಹೊಸ್ತಿಲ ಮೇಲೆ ಬಹಳ ಹೊತ್ತು ಕೂತಿತ್ತು. ಹಾರಿದಾಗ ನೆಟ್ಟಗೆ ಹಾರಲಿಲ್ಲ. ಒಂದು ಸಸಿಯ ಕುಂಡಕ್ಕೆ ಎಡವಿ, ಬೇಲಿಯ ಮೇಲೆ ಕೂತು ಸುಧಾರಿಸಿಕೊಂಡು, ಆಮೇಲೆ ಸೀಬೆಯ ತುದಿಗೆ ಏರಿತು. ಮೇಲಿದ್ದ ಹಕ್ಕಿಗಳು ಸರಿದು ಜಾಗ ಕೊಟ್ಟವು. ಅಕ್ಕ ತಮ್ಮನ ಮುಖ ನೋಡಿ ಏನೋ ತಮಾಷೆ ಮಾಡಲು ಹೊರಟವಳು ಅದನ್ನು ಬಿಟ್ಟು ಚಹಾ ಇಡಲು ಒಳಗೆ ಹೋದಳು.

ಮುಂದಿನ ಭಾನುವಾರ ಮಾವ ಸ್ಕೂಟರನ್ನು ಸೀಬೆ ಗಿಡದ ಬದಿಗೆ ನಿಲ್ಲಿಸಿ, ಅಕ್ಕ ಕೊಟ್ಟ ಚಹಾ ಹಿಡಿದು ಮೇಲೆ ನೋಡುತ್ತಿದ್ದರು. ಎಲೆಗಳ ನಡುವಿನಿಂದ ಒಂದು ಪಿಕಳಾರ ಇಳಿದು ಸ್ಕೂಟರಿನ ಹಿಡಿಕೆಯ ಮೇಲೆ ಕೂತಿತು. ಬಲಗಾಲಿನ ಹಿಂಬೆರಳಿನ ಉಗುರು ಬೆಳ್ಳಗಿತ್ತು. ಮಾವನ ಎದೆ ತುಂಬಿತು. ತಮ್ಮನ್ನು ಗುರುತಿಸಿ ಬಂದಿದೆ!

ಅದು ಅವರತ್ತ ತಿರುಗಿಯೂ ನೋಡಲಿಲ್ಲ. ಪಕ್ಕಕ್ಕೆ ಸರಿದು, ಸ್ಕೂಟರಿನ ಕನ್ನಡಿಗೆ ಕೆನ್ನೆ ಆನಿಸಿ, ಮೈ ಉಬ್ಬಿಸಿ, ಕಣ್ಣು ಮುಚ್ಚಿತು. ಮೇಲಿನ ಕೊಂಬೆಯಿಂದ ಇನ್ನೊಂದು ಪಿಕಳಾರ ಕರೆಯಿತು. ಮತ್ತೆ ಕರೆಯಿತು. ಜುಟ್ಟು ಕದಲಲಿಲ್ಲ.

ಮಾವ ಚಹಾ ಚೆಲ್ಲಿ ಓಡಿಹೋಗಿ ಚಪ್ಪಾಳೆ ತಟ್ಟಿದರು. ಹಕ್ಕಿ ಗಾಬರಿಯಿಂದ ಹಾರಿಹೋಯಿತು. ಸ್ಪ್ಯಾನರ್ ತೆಗೆದು ಎರಡೂ ಕನ್ನಡಿಗಳನ್ನು ಅಲ್ಲೇ ಬಿಚ್ಚಿದರು.

ಅಂದು ಸಂಜೆ ಊಟಕ್ಕೆ ಮುಂಚೆ ಅವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಕಲೆ, ಹುಳು, ತಣ್ಣಗಾದ ಮರಿ, ಕಸದ ಡಬ್ಬಿ, ಪಶುವೈದ್ಯೆಗೆ ಹೇಳಿದ ಸುಳ್ಳು.

ಅತ್ತೆ ಒಲೆ ಆರಿಸಿ ಬಂದು ಎದುರು ಕುಳಿತರು. "ಹಾಗಾದ್ರೆ ಇಷ್ಟು ದಿನ ನಾನು ಗಾಳೀನ ಬೈದಿದ್ದೆಲ್ಲ ದಂಡ," ಎಂದರು.

"ಬೈ. ನನ್ನನ್ನೇ ಬೈ."

"ಬೈದ್ರೆ ನಿಮಗೆ ಹಗುರ ಆಗುತ್ತೆ. ಬೈಯಲ್ಲ." ಅವರು ಎದ್ದು ಹಳೆಯ ಕೊಡೆಯೊಂದರ ಕಪ್ಪು ಬಟ್ಟೆ ಹುಡುಕಿ ತಂದರು. ಬಿಚ್ಚಿಟ್ಟ ಸ್ಕೂಟರಿನ ಕನ್ನಡಿಗಳಿಗೆ ಎರಡು ಟೋಪಿ ಹೊಲಿದುಕೊಟ್ಟರು, ಮತ್ತೆ ಕೂರಿಸಿದ ಮೇಲೆ ಗಾಡಿ ಎಲ್ಲಿ ನಿಲ್ಲಿಸಿದರೂ ಮುಚ್ಚಲೆಂದು. "ಇನ್ನು ಆ ದೊಡ್ಡದಕ್ಕೆ ಟೋಪಿ ಹೊಲಿಯೋಕೆ ನನ್ನ ಹತ್ರ ಅಷ್ಟು ಬಟ್ಟೆ ಇಲ್ಲ. ಅದಕ್ಕೆ ನೀವೇ ಹೋಗ್ಬೇಕು."

ಮಾವ ಮೊದಲು ಹೋದದ್ದು ಪಶುವೈದ್ಯೆಯ ಬಳಿಗೆ. ಸುಳ್ಳನ್ನು ಒಪ್ಪಿಕೊಂಡರು. ಆಕೆ ಬೈಯಲಿಲ್ಲ. ಗಾಜಿನ ಹೊರಮೈಗೆ ಬಿಳಿ ಚುಕ್ಕೆಗಳನ್ನು ಅಂಟಿಸಿದರೆ ಹಕ್ಕಿಗೆ ಅಲ್ಲಿ ಏನೋ ಇದೆಯೆಂದು ತಿಳಿಯುತ್ತದೆ, ಚುಕ್ಕೆ ಚುಕ್ಕೆಯ ನಡುವೆ ಮೂರು ಬೆರಳಿಗಿಂತ ಹೆಚ್ಚು ಜಾಗ ಬಿಡಬಾರದು ಎಂದರು. ಅಲ್ಲಿಂದ ಮಾವ ಹಲ್ಲಿನ ಡಾಕ್ಟರ ಕೋಣೆಗೆ ಹೋಗಿ, ಹಲ್ಲು ನೋವಿನವರ ಸರದಿಯಲ್ಲಿ ಕೂತು, ಕರೆದಾಗ ಒಳಗೆ ಹೋದರು.

"ಚುಕ್ಕೆನಾ?" ಎಂದರು ಹಲ್ಲಿನ ಡಾಕ್ಟರು. "ನನ್ನ ಕಟ್ಟಡಕ್ಕೆ ಸಿಡುಬು ಎದ್ದ ಹಾಗೆ ಕಾಣಲ್ವಾ ಮಾವ? ಮರ ಕಾಣುತ್ತೆ, ಅಂದ ಅಂತ ಹೇಳಿದ್ದು ನೀವೇ ಅಲ್ವಾ?"

"ನಾನೇ ಹೇಳಿದ್ದು. ತಪ್ಪು ಹೇಳಿದ್ದೆ."

ಇಡೀ ಕಸುಬಿನಲ್ಲಿ ಅವರು ಒಬ್ಬ ಗಿರಾಕಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಡಾಕ್ಟರು ಕೆಟ್ಟವರಲ್ಲ. ಪೆನ್ನು ತಿರುಗಿಸುತ್ತ ಯೋಚಿಸಿದರು. ನೆಲದ ಅಂತಸ್ತಿಗೂ ಅದರ ಮೇಲಿನದಕ್ಕೂ ಚುಕ್ಕೆ ಹಾಕಬಹುದು ಎಂದರು. "ಆದ್ರೆ ತುದಿಯದು ಬೇಡ. ದೂರದಿಂದ ಜನಕ್ಕೆ ಕಾಣೋದೇ ಅದು. ಮುಂದೆ ಬಣ್ಣ ಬಳಿಸುವಾಗ ನೋಡೋಣ."

ಮರಗಳ ತುದಿಯೂ ಆಕಾಶವೂ ಕಾಣುವುದು ಆ ತುದಿಯ ಅಂತಸ್ತಿನಲ್ಲೇ. ಮಾವ ಅದನ್ನೂ ಹೇಳಿದರು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಮಾವ, ಅತ್ತೆ ಇಬ್ಬರೂ ಸೇರಿ ಭಾನುವಾರಗಳಲ್ಲಿ ಚುಕ್ಕೆ ಅಂಟಿಸಿ ಮುಗಿಸಿದರು. ಮಾವ ಮೂರು ಬೆರಳು ಜೋಡಿಸಿ ಗಾಜಿನ ಮೇಲಿಡುವುದು, ಅತ್ತೆ ಅದರಾಚೆ ಚುಕ್ಕೆ ಒತ್ತುವುದು. ಕೆಳಗಿನ ಎರಡು ಅಂತಸ್ತಿನ ಗಾಜಿಗೆ ಬಡಿದು ಈಗ ಹಕ್ಕಿ ಬೀಳುವುದು ಇಲ್ಲವೆನ್ನುವಷ್ಟು ಕಡಿಮೆ. ತುದಿಯದಕ್ಕೆ ಬೀಳುತ್ತಲೇ ಇವೆ.

ಜುಟ್ಟು ಸೀಬೆ ಗಿಡದ ಬಳಿ ಇನ್ನೂ ಒಂದು ತಿಂಗಳು ಕಾಣಿಸಿಕೊಂಡಿತು. ಟೋಪಿ ಹಾಕಿದ ಕನ್ನಡಿಯ ಬಳಿ ಎರಡು ಸಲ ಬಂದು, ಬಟ್ಟೆ ಕುಕ್ಕಿ, ಹೊರಟುಹೋಯಿತು. ಕೊನೆಯ ಸಲ ಅಕ್ಕ ಕಂಡಾಗ ಅದರ ಜೊತೆ ಇನ್ನೊಂದು ಪಿಕಳಾರ ಇತ್ತು. ಇದರ ಕೊಕ್ಕಿನಿಂದ ಅದು ಹಣ್ಣು ಕಿತ್ತುಕೊಂಡಿತಂತೆ. "ಸಂಸಾರ ಶುರುವಾಯ್ತು ಬಿಡು," ಎಂದಳು ಅಕ್ಕ. ಆಮೇಲೆ ಕಾಣಲಿಲ್ಲ. ಬೆಳೆದ ಹಕ್ಕಿ ಒಂದೇ ಗಿಡಕ್ಕೆ ಅಂಟಿಕೊಂಡಿರುವುದಿಲ್ಲ, ಅದು ಒಳ್ಳೆಯ ಲಕ್ಷಣ ಎಂದರು ಪಶುವೈದ್ಯೆ. ಮಾವ ತಲೆಯಾಡಿಸಿದರು. ಸೀಬೆ ಗಿಡದಿಂದ ಹಲ್ಲಿನ ಆಸ್ಪತ್ರೆ ಒಂದು ಹಕ್ಕಿಗೆ ಎಷ್ಟು ದೂರ ಎಂದು ಮಾತ್ರ ಕೇಳಲಿಲ್ಲ.

ಕಾವಲುಗಾರ ಈಗ ಬಿದ್ದ ಹಕ್ಕಿಗಳನ್ನು ಕಸದ ಡಬ್ಬಿಗೆ ಹಾಕುವುದಿಲ್ಲ. ಕಾಗದದಲ್ಲಿ ಸುತ್ತಿಟ್ಟು ಫೋನ್ ಮಾಡುತ್ತಾನೆ: "ಮಾವ, ಒಂದಿದೆ." ಮಾವ ಸ್ಕೂಟರಿನಲ್ಲಿ ಬಂದು, ಕನ್ನಡಿಗಳಿಗೆ ಟೋಪಿ ಹಾಕಿ, ಪೊಟ್ಟಣ ಬಿಚ್ಚುತ್ತಾರೆ. ಪಿಕಳಾರವಾದರೆ ಬಲಗಾಲನ್ನು ಬೆಳಕಿಗೆ ಹಿಡಿದು ಹಿಂಬೆರಳನ್ನು ನೋಡುತ್ತಾರೆ. ಇದುವರೆಗೆ ಎಲ್ಲವೂ ಕಪ್ಪು ಉಗುರು. ಪ್ರತಿ ಸಲವೂ ಎದೆಯಿಂದ ಒಂದು ಭಾರ ಇಳಿಯುತ್ತದೆ. ಆ ಕೂಡಲೇ, ಅಂಗೈಯಲ್ಲಿ ಸತ್ತು ಮಲಗಿರುವ ಇನ್ನೊಂದರ ಎದುರು ಹಾಗೆ ಸಮಾಧಾನಪಟ್ಟದ್ದಕ್ಕೆ ಅವರಿಗೆ ಮುಖ ಎತ್ತಲಾಗುವುದಿಲ್ಲ. ಕುಂಡದ ಬದಿಯ ಮಣ್ಣಿನಲ್ಲಿ ಹೂತು, ಕೈ ತೊಳೆದು, ಒಮ್ಮೆ ತುದಿಯ ಗಾಜನ್ನು ನೋಡಿ ಹೋಗುತ್ತಾರೆ. ಅಲ್ಲಿ ಮರಗಳು ಮೊದಲಿನ ಹಾಗೆಯೇ ಬೆಳೆದು ನಿಂತಿವೆ. ವಕೀಲರ ಮೂಗಿನ ಕಥೆಯನ್ನು ಅವರು ಈಗ ಯಾರಿಗೂ ಹೇಳುವುದಿಲ್ಲ.

ಒಮ್ಮೆ ಕಾವಲುಗಾರ ಕೇಳಿದ: "ಮಾವ, ಈ ಗಾಜು ಹಳತಾಗಿ ಮಾಸಿದ್ರೆ ಹಕ್ಕಿಗಳಿಗೆ ತಾನಾಗೇ ಕಾಣುತ್ತೆ ಅಲ್ವಾ? ಎಷ್ಟು ವರ್ಷ ಬೇಕು ಅದಕ್ಕೆ?"

ಅದಕ್ಕೆ ಉತ್ತರ ಮಾವ ಹಿಂದೆಯೇ ಕೊಟ್ಟಾಗಿತ್ತು. ಕೊನೆಯ ಗಾಜು ಏರಿಸಿದ ದಿನ, ಎಷ್ಟು ಕಾಲ ಹೀಗೇ ಹೊಳೆಯುತ್ತದೆ ಎಂದು ಹಲ್ಲಿನ ಡಾಕ್ಟರು ಕೇಳಿದ್ದರು. ಕೆಲಸದವರಿಗೆಲ್ಲ ಕೇಳುವ ಹಾಗೆ, ಬೆರಳ ಗೆಣ್ಣಿನಿಂದ ಗಾಜನ್ನು ಟಣ್ ಎಂದು ಬಡಿದು, ಮಾವ ಗಟ್ಟಿಯಾಗಿ ಹೇಳಿದ್ದರು:

"ಇಪ್ಪತ್ತೈದು ವರ್ಷ."